ಮೇಷ್ಟ್ರ ಬಲಗಾಲು

ನಮ್ಮ ಭಾವನಿಗೆ ಊರಲ್ಲಿರುವ ಎಲ್ಲರ ದೋಷವೂ ಗೊತ್ತಿತ್ತು. ಪೇಪರ್ ಹಾಕುವವನ ದೋಷ ಅವಸರ, ಮಹಡಿ ಮನೆಯವರ ದೋಷ ಆಲಸ್ಯ, ನನ್ನ ದೋಷ ನಾಲಿಗೆ. ಅಕ್ಕನನ್ನು ಮದುವೆಯಾಗಿ ಹದಿನೆಂಟು ವರ್ಷವಾದರೂ ಅವಳ ದೋಷಗಳ ಪಟ್ಟಿ ಇನ್ನೂ ಮುಗಿದಿರಲಿಲ್ಲ. ತಮ್ಮದೊಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಅದು ಗೊತ್ತಾದ ಕಥೆಯನ್ನು ಹೇಳುವುದಕ್ಕೆ ನನಗಿಂತ ಯೋಗ್ಯರು ಯಾರೂ ಇಲ್ಲ, ಏಕೆಂದರೆ ಮೊದಲು ವಾಸನೆ ಹಿಡಿದವಳೇ ನಾನು. ಇದರಲ್ಲಿ ಸ್ವಲ್ಪ ಜಂಬ ಕಂಡರೆ ಕಾಣಲಿ, ನನಗೇನೂ ನಾಚಿಕೆಯಿಲ್ಲ.

ಭಾವ ಡ್ರೈವಿಂಗ್ ಶಾಲೆಯ ಮೇಷ್ಟ್ರು. ನಾನು ಅಲ್ಲೇ ಗುಮಾಸ್ತೆ. ಅರ್ಜಿ ತುಂಬುವುದು, ಫೋಟೊ ಅಂಟಿಸುವುದು, ಫೋನ್ ಎತ್ತುವುದು, ಪರೀಕ್ಷೆಯಲ್ಲಿ ಫೇಲಾಗಿ ಕಣ್ಣೊರೆಸುತ್ತ ಬಂದವರಿಗೆ ಒಂದು ಲೋಟ ನೀರು ಕೊಡುವುದು ನನ್ನ ಕೆಲಸ. ಶಾಲೆ ಎಂದರೆ ದೊಡ್ಡ ಕಟ್ಟಡವೇನಲ್ಲ. ಒಂದು ಕೋಣೆ, ಎರಡು ಮೇಜು, ಗೋಡೆಯ ಮೇಲೆ ಬಿಸಿಲಿಗೆ ಬಣ್ಣ ಹೋದ ಸಂಚಾರ ಚಿಹ್ನೆಗಳ ಪಟ, ಬಾಗಿಲ ಮುಂದೆ ಒಂದು ಬಿಳಿಯ ಪುಟ್ಟ ಕಾರು.

ಆ ಕಾರಿಗೆ ಎರಡು ಬ್ರೇಕ್ ಪೆಡಲು. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂರುವ ಮೇಷ್ಟ್ರ ಕಾಲಡಿ. ಎರಡನ್ನೂ ಒಂದೇ ಸರಳಿಗೆ ಕಟ್ಟಿರುತ್ತಾರೆ. ಇದನ್ನು ಒತ್ತಿದರೆ ಅದೂ ಇಳಿಯುತ್ತದೆ. ಕಲಿಯುವವರು ಗಾಬರಿಯಲ್ಲಿ ಎಡವಟ್ಟು ಮಾಡಿಕೊಂಡರೆ ಮೇಷ್ಟ್ರು ಕಾರನ್ನು ನಿಲ್ಲಿಸಲಿ ಎಂದು ಈ ಏರ್ಪಾಡು.

"ಅದು ಸುಮ್ಮನೆ ಇದೆ ಅಷ್ಟೆ. ನಾನು ಮುಟ್ಟೋದೇ ಇಲ್ಲ," ಎನ್ನುತ್ತಿದ್ದರು ಭಾವ. "ಇಪ್ಪತ್ತೆರಡು ವರ್ಷ ಆಯ್ತು. ಕಾರಿಗೆ ಒಂದು ಗೀರು ಬಿದ್ದಿಲ್ಲ. ಯಾಕೆ ಹೇಳಿ? ನಾನು ಹುಡುಗರಿಗೆ ಕಾರು ಓಡಿಸೋದನ್ನ ಕಲಿಸೋದಿಲ್ಲ. ತಮ್ಮನ್ನ ತಾವು ಗಮನಿಸೋದನ್ನ ಕಲಿಸ್ತೀನಿ."

ಈ ಮಾತನ್ನು ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. ಮೊದಲ ದಿನ ಕಾರು ಚಾಲೂ ಕೂಡ ಮಾಡಿಸುತ್ತಿರಲಿಲ್ಲ. ಸುಮ್ಮನೆ ಕೂರಿಸಿ, "ಈಗ ಹೇಳಿ, ನಿಮ್ಮ ಬಲಗಾಲು ಎಲ್ಲಿದೆ?" ಎಂದು ಕೇಳುತ್ತಿದ್ದರು. ಪಾಪ, ಅವರು ಬಗ್ಗಿ ಕೆಳಗೆ ನೋಡುತ್ತಿದ್ದರು. "ಆಂ ಆಂ! ನೋಡಬಾರದು! ನೋಡದೇ ಗೊತ್ತಿರಬೇಕು! ತನ್ನ ಕಾಲು ಎಲ್ಲಿದೆ ಅಂತ ಗೊತ್ತಿಲ್ಲದವರು ಊರಿಗೆ ಹೇಗೆ ಹೋಗ್ತಾರೆ?" ಹೊಸಬರು ಬೆರಗಾಗಿ ತಲೆಯಾಡಿಸುತ್ತಿದ್ದರು. ನಾನು ಒಳಗೆ ಕೂತು ಫೋಟೊಗೆ ಅಂಟು ಹಚ್ಚುತ್ತ, ಈ ಮನುಷ್ಯ ಯಾವಾಗ ಆಶ್ರಮ ಕಟ್ಟುತ್ತಾರೋ ಎಂದುಕೊಳ್ಳುತ್ತಿದ್ದೆ.

ಇನ್ನು ಅಕ್ಕನ ವಿಷಯ. ಅವಳು ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಹಾಸಿಗೆ ಹಿಡಿದವರು, ಮೆಟ್ಟಿಲಿಳಿಯಲಾಗದ ಮುದುಕರು, ಇಂಥವರ ಮನೆಗೇ ಹೋಗಿ ರಕ್ತ ತೆಗೆದು ತರುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ ಬಸ್ಸಿನಲ್ಲೇ ತಿರುಗಾಡಿದ್ದಳು. ಅವಳ ಕೈ ಎಷ್ಟು ಹಗುರವೆಂದರೆ, ಸೂಜಿ ನೋಡಿದರೆ ಮನೆ ಮೇಲೆ ಕೆಳಗೆ ಮಾಡುವ ಅಜ್ಜಿಯರು ಕೂಡ ಇವಳಾದರೆ ತೋಳು ಚಾಚುತ್ತಿದ್ದರು. ಅವರ ಮೊಮ್ಮಕ್ಕಳ ಹೆಸರು, ಯಾರಿಗೆ ಯಾರ ಮೇಲೆ ಮುನಿಸು, ಎಲ್ಲ ಅಕ್ಕನಿಗೆ ಬಾಯಿಪಾಠ. ಆ ಮನೆಗಳೇ ಅವಳ ಪ್ರಪಂಚ.

ಲ್ಯಾಬಿನ ಡಾಕ್ಟರಮ್ಮ ಒಂದು ಸಣ್ಣ ವ್ಯಾನು ಕೊಂಡರು. ಅಕ್ಕನನ್ನು ಕರೆದು ನೇರವಾಗಿ ಹೇಳಿದರು: "ಎರಡು ತಿಂಗಳು ಬಿಟ್ಟು ಒಂದನೇ ತಾರೀಖಿನಿಂದ ವ್ಯಾನ್ ಓಡಬೇಕು. ಅಷ್ಟರೊಳಗೆ ನಿಮಗೆ ಲೈಸೆನ್ಸ್ ಬಂದ್ರೆ ಮನೆಗಳಿಗೆ ನೀವೇ ಹೋಗಿ. ಬರದಿದ್ರೆ ಓಡಿಸೋಕೆ ಬರೋ ಬೇರೆಯವರನ್ನ ಸೇರಿಸಿಕೊಳ್ತೀನಿ. ನೀವು ಒಳಗೆ ಕೂತು ಸೀಸೆಗಳಿಗೆ ಚೀಟಿ ಅಂಟಿಸಿ."

ಚೀಟಿ ಅಂಟಿಸುವ ಕೆಲಸ ಎಂಥದೆಂದು ನನ್ನನ್ನು ಕೇಳಿ. ಅಕ್ಕ ಅವತ್ತು ಮನೆಗೆ ಬಂದು ಅತ್ತಳು. ಭಾವ ಮೀಸೆಯ ಮೇಲೆ ಕೈಯಾಡಿಸಿ, "ಅಯ್ಯೋ ಇಷ್ಟಕ್ಕೇನಾ? ಡ್ರೈವಿಂಗ್ ಮೇಷ್ಟ್ರ ಹೆಂಡತಿ ನೀನು. ಹದಿನೈದು ದಿನ ಸಾಕು," ಎಂದರು.

ಹದಿನೈದು ದಿನ ಕಲಿಸಿದರು. ಅಕ್ಕ ಬೆಣ್ಣೆಯ ಹಾಗೆ ಓಡಿಸಿದಳು. ಪರೀಕ್ಷೆಗೆ ಹೋಗಿ ಫೇಲಾದಳು. ನಿಲ್ಲು ಎಂದ ಕಡೆ ನಿಲ್ಲದೆ, ಬಿಳಿ ಗೆರೆಯನ್ನು ಒಂದು ಕಾರಿನಷ್ಟು ದಾಟಿ ನಿಂತಿದ್ದಳು. ಮತ್ತೆ ಹದಿನೈದು ದಿನ ಕಲಿಸಿದರು. ಎರಡನೇ ಸಲ ಅರ್ಧ ಕಾರಿನಷ್ಟು ದಾಟಿ ಫೇಲಾದಳು.

"ನಿನ್ನ ಸಮಸ್ಯೆ ಏನು ಗೊತ್ತಾ?" ಎಂದರು ಭಾವ, ಊಟಕ್ಕೆ ಕೂತಾಗ. "ಮನಸ್ಸು ಒಂದು ಕಡೆ, ಕಾಲು ಒಂದು ಕಡೆ. ನಿನ್ನನ್ನ ನೀನು ಗಮನಿಸೋದಿಲ್ಲ."

"ರೀ, ನಾನು ಗಮನ ಇಟ್ಟೇ..."

"ಇರು ಇರು. ಹೇಳೋದನ್ನ ಕೇಳು."

ಅಕ್ಕ ಸುಮ್ಮನಾದಳು. ಅವಳು ಸುಮ್ಮನಾಗುವುದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೂರನೇ ಪರೀಕ್ಷೆ ಆ ತಿಂಗಳ ಇಪ್ಪತ್ತಾರಕ್ಕೆ ಸಿಕ್ಕಿತ್ತು. ಅದರಾಚೆ ಆ ತಿಂಗಳಲ್ಲಿ ಪರೀಕ್ಷೆಯ ದಿನವೇ ಇರಲಿಲ್ಲ.

ಮರುದಿನ ಅಕ್ಕನ ಫೇಲಾದ ಚೀಟಿಯನ್ನು ಕಡತಕ್ಕೆ ಸೇರಿಸುವಾಗ ಸಿಟ್ಟಿನಲ್ಲೇ ಹಳೆಯ ಚೀಟಿಗಳನ್ನೆಲ್ಲ ಹೊರಗೆಳೆದೆ. ಯಾರ್ಯಾರು ಯಾವುದರಲ್ಲಿ ಫೇಲಾಗಿದ್ದಾರೆಂದು ಆ ಚೀಟಿಯಲ್ಲಿ ಕೆಂಪು ಗುರುತು ಇರುತ್ತದೆ. ಒಂದು ವರ್ಷದಲ್ಲಿ ಇಪ್ಪತ್ತಮೂರು ಜನ ಫೇಲಾಗಿದ್ದರು. ತಿರುವು ತೆಗೆದುಕೊಳ್ಳುವುದರಲ್ಲಿ ಇಬ್ಬರು, ಹಿಂದಕ್ಕೆ ತೆಗೆಯುವುದರಲ್ಲಿ ಇಬ್ಬರು. ಉಳಿದ ಹತ್ತೊಂಬತ್ತು ಜನರೂ ಗೆರೆಯಲ್ಲಿ ನಿಲ್ಲಿಸುವುದರಲ್ಲಿ! ನನ್ನ ಕಿವಿ ನೆಟ್ಟಗಾಯಿತು. ಹತ್ತೊಂಬತ್ತು ಜನರಿಗೆ ಒಂದೇ ರೋಗ ಬಂದರೆ ಬಾವಿಯ ನೀರನ್ನು ಪರೀಕ್ಷೆ ಮಾಡಬೇಕು ತಾನೆ?

ಭಾವನ ಮೇಜಿನ ಮೇಲೆ ಚೀಟಿಗಳನ್ನು ಹರವಿದೆ. ಅವರು ಕನ್ನಡಕ ಏರಿಸಿ ನೋಡಿ, "ನಾನು ಹೇಳಲಿಲ್ವಾ? ಈಗಿನವರಿಗೆ ಗಮನ ಅನ್ನೋದೇ ಇಲ್ಲ," ಎಂದರು. ಆಮೇಲೆ ಚೀಟಿಗಳನ್ನು ಅಂದವಾಗಿ ಜೋಡಿಸಿ ನನ್ನ ಕೈಗೇ ಕೊಟ್ಟರು.

ಅದೇ ವಾರ ಕಾರು ಗ್ಯಾರೇಜಿಗೆ ಹೋಯಿತು. ನಮ್ಮ ಮೆಕ್ಯಾನಿಕ್ ಮಾತು ಕಡಿಮೆಯ ಆಸಾಮಿ. ಕೈಗಿಂತ ಹೆಚ್ಚು ಬಾಯಿ ಓಡಿಸುವವರ ಕಾರನ್ನು ಅವರು ಮುಟ್ಟುವುದಿಲ್ಲ ಎಂಬ ಸುದ್ದಿಯಿತ್ತು. ಭಾವನ ಕಾರನ್ನು ಹೇಗೆ ಮುಟ್ಟುತ್ತಿದ್ದರೋ ದೇವರೇ ಬಲ್ಲ. ನಾವು ಕಾರು ತರಲು ಹೋದಾಗ ಎಣ್ಣೆಯ ಕೈಯಲ್ಲಿ ಎರಡು ರಬ್ಬರ್ ತುಂಡು ತಂದು ಭಾವನ ಮುಂದೆ ಹಿಡಿದರು. ಬ್ರೇಕ್ ಪೆಡಲಿನ ಮೇಲೆ ಹಾಕುವ ರಬ್ಬರ್ ಅವು.

ಒಂದು ಹೊಸದರ ಹಾಗಿತ್ತು. ಅದರ ಮೇಲಿನ ಗೀರುಗಳು ಕೂಡ ಹಾಗೇ ಇದ್ದವು. ಇನ್ನೊಂದು ಸವೆದು ಸವೆದು ನಡುವೆ ತೂತಾಗಿತ್ತು. ಒಳಗಿನ ಕಬ್ಬಿಣವೂ ಉಜ್ಜಿ ಹೊಳೆಯುತ್ತಿತ್ತಂತೆ.

"ಎರಡನ್ನೂ ಒಂದೇ ದಿನ ಹಾಕಿದ್ದು, ಮೇಷ್ಟ್ರೇ," ಎಂದರು ಮೆಕ್ಯಾನಿಕ್.

"ಕಲಿಯೋರು ಹಾಗೇ ತುಳೀತಾರಪ್ಪ. ಕಾಲೋ ಒನಕೆಯೋ," ಎಂದು ಭಾವ ತೂತಾದುದನ್ನು ತೋರಿಸಿದರು.

"ಅದು ನಿಮ್ಮ ಕಡೆಯದು."

ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಭಾವ ಎರಡು ತುಂಡುಗಳನ್ನೂ ತಿರುಗಿಸಿ ಮುರುಗಿಸಿ ನೋಡಿದರು. ಒಂದರ ವಾಸನೆ ಕೂಡ ನೋಡಿದರು.

"ಮಾಲು ಸರಿಯಿಲ್ಲ ಇದು."

"ಒಂದೇ ಪೊಟ್ಟಣದ್ದು."

"ಈ ಕಡೆ ಬಿಸಿಲು ಜಾಸ್ತಿ ಬೀಳುತ್ತೆ."

"ಕಾಲಡೀಲಿ ಬಿಸಿಲಾ ಭಾವ?" ಎಂದೆ. ನನ್ನಿಂದ ತಡೆಯಲಾಗಲಿಲ್ಲ.

ಭಾವನಿಗೆ ರೇಗಿತು. "ನಾನು ಆ ಪೆಡಲು ಮುಟ್ಟೋದೇ ಇಲ್ಲ ಅಂದ್ರೆ ಮುಟ್ಟೋದಿಲ್ಲ! ಬೇಕಾದ್ರೆ ಅದಕ್ಕೊಂದು ಗಂಟೆ ಕಟ್ಟಿ, ಹೋಗಿ!"

ಸಿಟ್ಟಿನಲ್ಲಿ ಆಡಿದ ಮಾತು. ಆದರೆ ಮೆಕ್ಯಾನಿಕ್ ಆಡಿದ ಮಾತನ್ನು ಆಡಿದ ಹಾಗೇ ತೆಗೆದುಕೊಳ್ಳುವವರು. ಮೂಲೆಯಲ್ಲಿ ಬಿದ್ದಿದ್ದ ಹಳೆಯ ವ್ಯಾನಿನಿಂದ ಒಂದು ಬಜರ್ ಕಿತ್ತರು, ವ್ಯಾನು ಹಿಂದಕ್ಕೆ ಬರುವಾಗ ಕೂಗುತ್ತದಲ್ಲ, ಅದು. ಮೇಷ್ಟ್ರ ಪೆಡಲಿನ ಹೊಸ ರಬ್ಬರಿನಡಿ ಅಂಗಿಯ ಗುಂಡಿಯಷ್ಟು ದೊಡ್ಡ ಸ್ವಿಚ್ಚು ಕೂರಿಸಿ ತಂತಿ ಎಳೆದರು. ಮೇಷ್ಟ್ರ ಕಾಲು ಪೆಡಲಿಗೆ ತಗುಲಿದರೆ ಕೂಗು. ಕಲಿಯುವವರು ಒತ್ತಿದರೆ ಇಲ್ಲ. ಅರ್ಧ ಗಂಟೆಯ ಕೆಲಸ. ಭಾವ ಹೊರಗೆ ನಿಂತು, "ಕಟ್ಟಿ ಕಟ್ಟಿ, ನನಗೇನು," ಎಂದು ಗೊಣಗುತ್ತಲೇ ಇದ್ದರು.

ಮರುದಿನ ಬೆಳಿಗ್ಗೆ ಅಕ್ಕ ಸ್ಟಿಯರಿಂಗ್ ಹಿಡಿದಳು. ಪಕ್ಕದಲ್ಲಿ ಭಾವ. ಹಿಂದಿನ ಸೀಟಿನಲ್ಲಿ ನಾನು, ಕೈಯಲ್ಲಿ ಪೆನ್ನು, ತೊಡೆಯ ಮೇಲೆ ಒಂದು ಹಾಳೆ. ಒಂಬತ್ತು ವರ್ಷ ಆ ಶಾಲೆಯಲ್ಲಿ ಕೆಲಸ ಮಾಡಿದರೂ ಪಾಠದ ವೇಳೆ ಆ ಕಾರು ಹತ್ತಿದ್ದು ಅದೇ ಮೊದಲು.

ಬೀದಿಯ ತುದಿ ಮುಟ್ಟಿರಲಿಲ್ಲ. ಪೀಂ!

"ಅದು ನಾಯಿ ಅಡ್ಡ ಬಂತು," ಎಂದರು ಭಾವ. ನಾಯಿ ಅಂಗಡಿಯ ಮುಂದೆ ಮಲಗಿತ್ತು.

ಪೀಂ!

"ಅದು ಕಾಲು ಜೋಮು ಹಿಡಿದಿತ್ತು."

ಪೀಂ! ಪೀಂ!

"ಇದು ಶಾರ್ಟ್ ಆಗಿದೆ. ಆ ಮನುಷ್ಯನಿಗೆ ವೈರಿಂಗ್ ಬರೋದಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು."

ಕೆಂಪು ದೀಪದಲ್ಲಿ ಕಾರು ನಿಂತಿತು. ಸುತ್ತ ಎಲ್ಲವೂ ನಿಂತಿತ್ತು. ಅಕ್ಕ ಕೈಬ್ರೇಕ್ ಎಳೆದು ಆರಾಮವಾಗಿ ಕೂತಿದ್ದಳು. ಆಗಲೂ ಪೀಂ!

"ನಿಂತಿರೋ ಕಾರನ್ನ ನಿಲ್ಲಿಸ್ತಿದ್ದೀರಾ ಭಾವ?" ಎಂದೆ. ಅಕ್ಕ ನಗು ತಡೆಯಲಾಗದೆ ತಲೆಯನ್ನು ಸ್ಟಿಯರಿಂಗಿಗೆ ಊರಿದಳು. ಹಸಿರು ದೀಪ ಬಂದದ್ದೂ ಗೊತ್ತಾಗಲಿಲ್ಲ. ಹಿಂದಿನವರು ಹಾರ್ನು ಹೊಡೆದಾಗ ಭಾವ ಮತ್ತೊಮ್ಮೆ ಪೀಂ ಎನ್ನಿಸಿದರು.

ಅರ್ಧ ಗಂಟೆಯಲ್ಲಿ ಮೂವತ್ತೆಂಟು ಸಲ. ಹಾಳೆಯನ್ನು ಮುಂದೆ ಚಾಚಿದೆ. ಭಾವ ಅದನ್ನು ನೋಡಲಿಲ್ಲ. ತಮ್ಮ ಬಲಗಾಲನ್ನು ನೋಡುತ್ತಿದ್ದರು, ಯಾರದೋ ಕಾಲು ತಮ್ಮ ಮೊಣಕಾಲಿಗೆ ಬಂದು ಅಂಟಿಕೊಂಡಿದೆ ಎಂಬಂತೆ.

ಹಟ ಎಂದರೆ ಹಟ. ಮಾರನೆಯ ದಿನ ತಾವೇ ಕಾರನ್ನು ಹಳೆಯ ಗೋದಾಮಿನ ಹಿಂದಿನ ಖಾಲಿ ಜಾಗಕ್ಕೆ ತಂದು, ಸುಣ್ಣದ ಗೆರೆ ಎಳೆದು, ತಮ್ಮ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. "ಇವತ್ತು ನೋಡು, ಹೇಗೆ ಕೂಗುತ್ತೆ ಅಂತ!" ಅಕ್ಕನಿಗೆ ಗೆರೆಯಲ್ಲಿ ನಿಲ್ಲಿಸಲು ಹೇಳಿದರು. ಅಕ್ಕ ಹದವಾಗಿ ಬಂದಳು. ಗೆರೆ ಹತ್ತಿರವಾಯಿತು. ಕಾರು ನಿಲ್ಲಲಿಲ್ಲ. ಗೆರೆ ದಾಟಿತು, ಇನ್ನೂ ಎರಡು ಕಾರಿನಷ್ಟು ಮುಂದೆ ಹೋಯಿತು, ಅಲ್ಲಿದ್ದ ಮರಳು ಗುಡ್ಡೆಗೆ ಮೂತಿ ಇಟ್ಟು ಜರ್ರೆಂದು ನಿಂತಿತು. ಚಕ್ಕಳಮಕ್ಕಳ ಹಾಕಿದ್ದ ಭಾವನ ಮೊಣಕಾಲು ಎದುರಿನ ಡ್ಯಾಶ್‌ಬೋರ್ಡಿಗೆ ಬಡಿಯಿತು.

"ಬ್ರೇಕ್ ಯಾಕೆ ಒತ್ತಲಿಲ್ಲ?" ಎಂದು ಕೂಗಿದರು.

"ಕಾಲು ಇಟ್ನಲ್ಲ!"

"ಇಟ್ಟೆ. ಒತ್ತಿದ್ಯಾ?"

ಅಕ್ಕ ಕಾಲನ್ನು ಪೆಡಲಿನ ಮೇಲೆ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಆಮೇಲೆ ನಿಧಾನವಾಗಿ ಹೇಳಿದಳು, "ಯಾವಾಗ್ಲೂ ಇಷ್ಟೇ ಮಾಡ್ತಿದ್ದೆ ಕಣ್ರೀ. ಕಾಲು ಇಡ್ತಿದ್ದೆ. ಪೆಡಲು ತಾನೇ ಕೆಳಗೆ ಹೋಗ್ತಿತ್ತು. ಕಾರು ನಿಲ್ತಿತ್ತು. ಒತ್ತೋದು ಅಂದ್ರೆ ಇದೇ ಅಂತ ಅಂದ್ಕೊಂಡಿದ್ದೆ."

ಮರಳು ಚಕ್ರದ ಮೇಲೆ ಸೊರಸೊರ ಜಾರುತ್ತಿತ್ತು. ಹೊಳೆದದ್ದು ಮೂವರಿಗೂ ಒಟ್ಟಿಗೇ ಹೊಳೆದಿತ್ತು. ಬಾಯಿಬಿಟ್ಟವಳು ಅಕ್ಕ. ಹದಿನೆಂಟು ವರ್ಷದಲ್ಲಿ ಅವಳು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಹಾಗಾದ್ರೆ ಎರಡು ಸಲ ಫೇಲಾದದ್ದು ನಾನಾ, ನೀವಾ? ಮನಸ್ಸು ಎಲ್ಲೋ ಇದೆ, ಕಾಲಿಗೆ ಬುದ್ಧಿಯಿಲ್ಲ ಅಂತ ಎಷ್ಟು ಅಂದ್ರಿ! ನಾನು ನಂಬಿಬಿಟ್ಟೆನಲ್ರೀ! ನನ್ನ ಕಾಲೇ ಸರಿಯಿಲ್ಲ ಅಂತ ನಂಬಿದ್ದೆ. ಆ ಮನೆಗಳೆಲ್ಲ ಕೈತಪ್ಪಿ ಹೋಗ್ತವೆ ಅಂತ ದಿನಾ ಒಳಗೊಳಗೇ ಸಾಯ್ತಿದ್ದೀನಿ, ನಿಮಗೆ ಗೊತ್ತಾ?"

"ಇರು ಇರು..." ಎಂದರು ಭಾವ.

"ಇರೋದಿಲ್ಲ!" ಎಂದು ಅಕ್ಕ ಕಾರಿನಿಂದಿಳಿದು ನಡೆದೇ ಮನೆಗೆ ಹೋದಳು.

ಅವತ್ತು ಭಾವ ಆಫೀಸಿಗೆ ಬಂದು ಮೇಜಿನ ಮುಂದೆ ಕೂತರು. ಯಾರ ದೋಷವನ್ನೂ ಹೇಳಲಿಲ್ಲ. ಚಹಾದಲ್ಲಿ ಸಕ್ಕರೆ ಇರಲಿಲ್ಲ, ಅದನ್ನೂ ಹೇಳಲಿಲ್ಲ. ನನಗೆ ಒಳಗೊಳಗೇ ಖುಷಿಯಾಗಬೇಕಿತ್ತು. ಆಗಲಿಲ್ಲ, ನಿಜ ಹೇಳುತ್ತೇನೆ, ಪಾಪ ಅನ್ನಿಸಿತು. ಸಂಜೆ ಬಾಗಿಲು ಹಾಕುವಾಗ ಕೇಳಿದರು, "ಏನಮ್ಮ, ನನಗೆ ಗೊತ್ತಾಗದೇ ಒಂದು ಕಾಲು ಇಪ್ಪತ್ತೆರಡು ವರ್ಷ ಕೆಲಸ ಮಾಡುತ್ತಾ?"

"ಮಾಡಿದೆಯಲ್ಲ ಭಾವ," ಎಂದೆ.

ಅಕ್ಕನನ್ನು ಹೇಗೆ ಒಪ್ಪಿಸಿದರೋ ನನಗೆ ಗೊತ್ತಿಲ್ಲ. ಎರಡು ದಿನವಾದ ಮೇಲೆ ಇಬ್ಬರೂ ಕಾರಿನ ಹತ್ತಿರ ಬಂದರು. ಅಕ್ಕನ ಮುಖ ಇನ್ನೂ ಊದಿಕೊಂಡೇ ಇತ್ತು. ಭಾವ ನನ್ನನ್ನೂ ಕರೆದರು. ಎಣಿಸುವುದು ಬೇಡ, ನೋಡುವುದಕ್ಕೆ ಬಾ ಎಂದರು.

ಈಗ ಶುರುವಾಯಿತು ತಮಾಷೆ. ಕಾಲನ್ನು ತಡೆಯುವುದಕ್ಕೆ ಭಾವ ಮಾಡದ ಉಪಾಯವಿಲ್ಲ. ಚಪ್ಪಲಿ ಬಿಚ್ಚಿಟ್ಟರು. ಬಲಗಾಲನ್ನು ಎಡಗಾಲಿನಿಂದ ಒತ್ತಿ ಹಿಡಿದರು. ಎರಡೂ ಸೇರಿ ಪೆಡಲಿಗೆ ಹೋದವು. ಮೊಣಕಾಲನ್ನು ಕೈಯಿಂದ ಹಿಡಿದುಕೊಂಡರು. ಕಾಲು ಬಿಟ್ಟು ಬಾಯಲ್ಲಿ "ಶ್ಶ್, ಶ್ಶ್" ಎನ್ನತೊಡಗಿದರು, ಆಗ ಅಕ್ಕ, "ಅದಕ್ಕೂ ಒಂದು ಬಜರ್ ಇಡಿಸ್ಲಾ?" ಎಂದಳು. ತಡೆದಷ್ಟೂ ಕಾಲು ಹಟಕ್ಕೆ ಬಿದ್ದು ಓಡುತ್ತಿತ್ತು. ಕೊನೆಗೆ ತಡೆಯುವುದನ್ನೇ ಬಿಟ್ಟರು. ಸುಮ್ಮನೆ ನೋಡುತ್ತ ಕೂತರು.

ನಾಲ್ಕನೆಯ ದಿನ ಇದ್ದಕ್ಕಿದ್ದ ಹಾಗೆ, "ಉಸಿರು!" ಎಂದು ಚೀರಿದರು. ಅಕ್ಕ ಬೆಚ್ಚಿ ಕಾರನ್ನು ಬದಿಗೆ ತೆಗೆದಳು.

"ಏನಾಯ್ತ್ರೀ?"

"ಕಾಲು ಹೋಗೋದಕ್ಕೆ ಮುಂಚೆ ನಾನು ಉಸಿರು ಹಿಡೀತೀನಿ ಕಣೇ! ಮೊದಲು ಉಸಿರು ನಿಲ್ಲುತ್ತೆ, ಆಮೇಲೆ ಹೆಬ್ಬೆರಳು ಮಡಚುತ್ತೆ, ಆಮೇಲೆ ಕಾಲು. ಸಿಕ್ಕಿಬಿತ್ತು ನೋಡು ಕಳ್ಳ!" ಅವರ ಮುಖದಲ್ಲಿ ಎಂಥ ಸಂತೋಷ! ತಮ್ಮ ದೋಷ ಸಿಕ್ಕಿದ್ದಕ್ಕೆ ಅಷ್ಟು ಕುಣಿದಾಡಿದ ಮನುಷ್ಯನನ್ನು ನಾನು ಬೇರೆ ನೋಡಿಲ್ಲ.

ಅಂದಿನಿಂದ ಉಸಿರು ಬಿಡುವುದೇ ಕಸರತ್ತು. ಎದುರಿಗೆ ಲಾರಿ ಬಂದರೆ, ಭಾವ ಬಾಯಿ ದುಂಡಗೆ ಮಾಡಿ ಹೂss ಎಂದು ಊದುತ್ತಿದ್ದರು, ಗಾಜಿನ ಮೇಲೆ ಹಬೆ ಕೂರುತ್ತಿತ್ತು, ಅಕ್ಕ ಬಟ್ಟೆಯಿಂದ ಒರೆಸುತ್ತಿದ್ದಳು. ಪೀಂ ಎನ್ನುವುದು ಇಪ್ಪತ್ತಕ್ಕಿಳಿಯಿತು, ಹನ್ನೆರಡಕ್ಕಿಳಿಯಿತು, ಒಂದು ದಿನ ಮತ್ತೆ ಇಪ್ಪತ್ತೈದಕ್ಕೇರಿತು. ಅವತ್ತು ಅಕ್ಕನ ಲ್ಯಾಬಿನಿಂದ ಫೋನ್ ಬಂದಿತ್ತು, ಹೊಸ ಡ್ರೈವರ್ ಒಬ್ಬರನ್ನು ನೋಡಿಟ್ಟಿದ್ದಾರಂತೆ.

ಬಜರ್ ಇಪ್ಪತ್ತೈದು ಸಲ ಕೂಗಿದ ಆ ದಿನವೇ ಇಳಿಜಾರಿನಲ್ಲಿ ಭಾವ ಕಾರನ್ನು ನಿಲ್ಲಿಸಲು ಹೇಳಿದರು. ಅಕ್ಕ ತಾನೇ ಒತ್ತಿ ನಿಲ್ಲಿಸಿದಳು.

"ನನಗೆ ಹೆದರಿಕೆ ಕಣೇ," ಎಂದರು ಭಾವ.

"ಯಾವುದಕ್ಕೆ?"

"ಎಲ್ಲದಕ್ಕೂ. ಪಕ್ಕದಲ್ಲಿ ಯಾರು ಕೂತರೂ. ಇಪ್ಪತ್ತೆರಡು ವರ್ಷದಿಂದಲೂ. ನಾನು ಶಾಂತವಾಗಿದ್ದೀನಿ ಅಂತ ನನ್ನ ತಲೆ ಹೇಳ್ತಿತ್ತು, ನಾನು ನಂಬಿದ್ದೆ. ಕಾಲಿಗೆ ಮಾತ್ರ ನಿಜ ಗೊತ್ತಿತ್ತು."

"ಯಾವತ್ತಾದ್ರೂ ಏನಾದ್ರೂ ಆಗಿತ್ತಾ?" ಎಂದು ನಾನು ಕೇಳಿದೆ. ಹಳೆಯ ಅಪಘಾತ, ಬಚ್ಚಿಟ್ಟ ದುಃಖ, ಇಂಥದೇನಾದರೂ ಇದ್ದೀತು ಎಂದುಕೊಂಡೆ.

"ಏನೂ ಆಗಿಲ್ಲಮ್ಮ. ಸುಮ್ಮನೆ ಹೆದರಿಕೆ," ಎಂದರು ಭಾವ. ಅವರ ಕಣ್ಣಲ್ಲಿ ನೀರಿತ್ತು.

ಅಕ್ಕ ಕೈಬ್ರೇಕ್ ಎಳೆದಳು. "ನನಗೂ ಹೆದರಿಕೆ. ಇದನ್ನ ಮೊದಲೇ ಹೇಳಿದ್ರೆ ಇಬ್ಬರೂ ಹೆದರಿಕೊಂಡೇ ಕಲೀತಿದ್ವಲ್ಲ," ಎಂದಳು. ಆಮೇಲೆ ಗೇರ್ ಹಾಕಿದಳು. ಇಳಿಜಾರು ಮುಗಿಯುವವರೆಗೆ ಬಜರ್ ಎರಡು ಸಲ ಕೂಗಿತು. ಎರಡು ಸಲವೂ ಭಾವ, "ನಾನೇ ನಾನೇ, ಕ್ಷಮಿಸು," ಎಂದರು.

ಮನೆಯಲ್ಲೂ ಈ ಪತ್ತೇದಾರಿಕೆ ಮುಂದುವರಿಯಿತು. ನಾನು ಆ ಭಾನುವಾರ ಊಟಕ್ಕೆ ಹೋಗಿದ್ದೆ. ಅವರ ಮಗಳು, ಒಂಬತ್ತನೇ ತರಗತಿಯವಳು, ಶಾಲೆಯ ನಾಟಕದಲ್ಲಿ ತನಗೆ ಸಿಕ್ಕ ಪಾತ್ರದ ಬಗ್ಗೆ ಹೇಳತೊಡಗಿದಳು. ಭಾವ ಉಸಿರು ಹಿಡಿದರು. ನಾನು ಕಣ್ಣಾರೆ ಕಂಡೆ, ಎದೆ ಉಬ್ಬಿ ಹಾಗೇ ನಿಂತಿತು. "ಇರು ಇ..." ಎನ್ನುವಷ್ಟರಲ್ಲಿ ಅವರಿಗೇ ಗೊತ್ತಾಯಿತು. ತುತ್ತು ಕೈಯಲ್ಲೇ ಉಳಿಯಿತು. ಮಗಳು ಅವರನ್ನೇ ನೋಡುತ್ತ, ಬೆರಳಿನಿಂದ ಮೇಜನ್ನು ಒತ್ತಿ, "ಪೀಂ!" ಎಂದಳು.

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಭಾವನೂ ನಕ್ಕರು. ನಕ್ಕು ಮುಗಿದ ಮೇಲೆ, "ಹೂಂ, ಹೇಳಮ್ಮ," ಎಂದರು. ಅವಳು ಕಾಲು ಗಂಟೆ ಹೇಳಿದಳು. ಅವಳಿಗೆ ಅಷ್ಟು ಮಾತು ಬರುತ್ತದೆಂದು ಅವರಿಗೆ ಗೊತ್ತೇ ಇರಲಿಲ್ಲವಂತೆ.

ಸೋಮವಾರ ಭಾವ ನನ್ನಿಂದ ಆ ಹತ್ತೊಂಬತ್ತು ಚೀಟಿಗಳನ್ನು ಕೇಳಿ ತೆಗೆದುಕೊಂಡರು. ಅಕ್ಕನದನ್ನು ಬಿಟ್ಟು ಉಳಿದವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿದರು. "ನಮಸ್ಕಾರ. ನಾನು ಡ್ರೈವಿಂಗ್ ಮೇಷ್ಟ್ರು. ನೀವು ಗೆರೆ ದಾಟಿ ಫೇಲಾದ್ರಲ್ಲ, ಅದು ನಿಮ್ಮ ತಪ್ಪಲ್ಲ. ಬ್ರೇಕ್ ನಾನು ಒತ್ತುತ್ತಿದ್ದೆ. ನನಗೇ ಗೊತ್ತಿರಲಿಲ್ಲ. ದಯವಿಟ್ಟು ಬನ್ನಿ, ಮತ್ತೆ ಕಲಿಸಿಕೊಡ್ತೀನಿ." ಕೆಲವರು ನಕ್ಕರು, ಕೆಲವರು ಬೈದರು. ಬಟ್ಟೆ ಹೊಲಿಯುವ ಒಬ್ಬ ಹೆಂಗಸು ಮಾತ್ರ, "ನಿಜವಾಗ್ಲೂನಾ ಮೇಷ್ಟ್ರೇ? ನೀವು ಕಾಲಿಗೆ ಬುದ್ಧಿಯಿಲ್ಲ ಅಂದ್ರಲ್ಲ, ನಾನು ನರದ ಡಾಕ್ಟರಿಗೆ ತೋರಿಸಿಕೊಂಡು ಬಂದೆ," ಎಂದಳು. ಫೋನಿನಾಚೆಯ ದನಿ ನನ್ನ ಮೇಜಿಗೂ ಕೇಳಿಸಿತು. ಭಾವ ಆ ಫೋನ್ ಇಟ್ಟ ಮೇಲೆ ಹೊರಗೆ ಹೋಗಿ ಕಾರಿನ ಪಕ್ಕ ಸ್ವಲ್ಪ ಹೊತ್ತು ನಿಂತು ಬಂದರು. ಬಂದು ಮುಂದಿನ ನಂಬರ್ ಒತ್ತಿದರು.

ಇಪ್ಪತ್ತಾರನೇ ತಾರೀಖು ಬಂತು. ಪರೀಕ್ಷೆ ನಮ್ಮ ಕಾರಿನಲ್ಲೇ. ಮೇಷ್ಟ್ರ ಸೀಟಿನಲ್ಲಿ ಪರೀಕ್ಷೆಯ ಅಧಿಕಾರಿ ಕೂರುವುದರಿಂದ ಹಿಂದಿನ ದಿನವೇ ಮೆಕ್ಯಾನಿಕ್ ಬಜರ್ ಬಿಚ್ಚಿದ್ದರು. ಕೊನೆಯ ಅಭ್ಯಾಸದಲ್ಲಿ ಅದು ನಾಲ್ಕು ಸಲ ಕೂಗಿತ್ತು. ಸೊನ್ನೆ ಆಗಲೇ ಇಲ್ಲ. "ಆಗೋದೂ ಇಲ್ಲ. ಕೂಗಿದ್ದು ನನಗೆ ಕೇಳಿಸ್ತಲ್ಲ, ಅಷ್ಟು ಸಾಕು," ಎಂದಿದ್ದರು ಭಾವ.

ಪರೀಕ್ಷೆಯ ಮೈದಾನದ ಬದಿಯಲ್ಲಿ ತಗಡಿನ ಚಪ್ಪರ. ಕೆಳಗೆ ಫೇಲಾಗುವವರೂ ಪಾಸಾಗುವವರೂ ಒಂದೇ ಬೆಂಚಿನ ಮೇಲೆ ಕೂತಿದ್ದರು. ಅಕ್ಕನ ಸರದಿ ಬಂದಾಗ ಅವಳ ಕೈ ಹಿಡಿದೆ. ಭಾವ ಯಾವ ಉಪದೇಶವನ್ನೂ ಮಾಡಲಿಲ್ಲ. "ನಾನು ಇಲ್ಲೇ ಇರ್ತೀನಿ," ಎಂದರು ಅಷ್ಟೆ. ಅಧಿಕಾರಿ, ದಪ್ಪ ಕನ್ನಡಕದ, ನಗುವೇ ಗೊತ್ತಿಲ್ಲದ ಹೆಂಗಸು, ರಟ್ಟು ಹಿಡಿದು ಪಕ್ಕದಲ್ಲಿ ಕೂತು ಪಾದಗಳನ್ನು ಸೀಟಿನಡಿಗೆ ಎಳೆದುಕೊಂಡರು.

ತಿರುವು ಆಯಿತು. ಹಿಂದಕ್ಕೆ ತೆಗೆಯುವುದೂ ಆಯಿತು. ಕಾರು ಮೈದಾನದ ಆ ತುದಿಯಿಂದ ನೇರವಾಗಿ ನಮ್ಮ ಕಡೆಗೆ ಹೊರಟಿತು. ನಮ್ಮ ಮುಂದೆ ಹತ್ತು ಹೆಜ್ಜೆ ದೂರದಲ್ಲಿ ಬಿಳಿ ಗೆರೆ.

ಪಕ್ಕದಲ್ಲಿ ಉಸಿರು ನಿಂತದ್ದು ನನಗೆ ಕೇಳಿಸಿತು. ಕೆಳಗೆ ನೋಡಿದೆ. ಭಾವನ ಹೆಬ್ಬೆರಳು ಚಪ್ಪಲಿಯೊಳಗೆ ಮಡಚಿಕೊಂಡಿತ್ತು. ಬಲಗಾಲು ಮಣ್ಣನ್ನು ಒತ್ತಲು ಹೊರಟಿತ್ತು. ಭಾವನೂ ಅದನ್ನೇ ನೋಡುತ್ತಿದ್ದರು. ಹೂss ಎಂದು ಉಸಿರು ಬಿಟ್ಟರು. ಆಮೇಲೆ ನನ್ನ ಭುಜ ಹಿಡಿದು, ಬಲಗಾಲನ್ನು ನೆಲದಿಂದ ಮೇಲೆತ್ತಿ, ಅಷ್ಟು ಜನರ ಮುಂದೆ ಒಂಟಿಕಾಲಿನಲ್ಲಿ ನಿಂತುಬಿಟ್ಟರು. ಬೆಂಚಿನ ಮೇಲಿದ್ದವರು ತಿರುಗಿ ನೋಡಿದರು. ಅವರ ಪರಿವೆ ಭಾವನಿಗಿರಲಿಲ್ಲ. ಕಣ್ಣು ಕಾರಿನ ಮೇಲಿತ್ತು.

ಕಾರು ನಿಧಾನವಾಯಿತು. ಇನ್ನೂ ನಿಧಾನವಾಯಿತು. ಗೆರೆಗೆ ಒಂದು ಗೇಣು ಮೊದಲೇ, ಸ್ವಲ್ಪವೂ ಕುಲುಕದೆ, ನಿಂತಿತು. ಗಾಜಿನಾಚೆ ಅಕ್ಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಧಿಕಾರಿ ರಟ್ಟಿನ ಮೇಲೆ ಏನೋ ಗೀಚಿ ಸಹಿ ಹಾಕಿ, ಚೀಟಿ ಹರಿದು ಅವಳ ಮಡಿಲಿಗಿಟ್ಟರು. ಅದರಲ್ಲಿ ಎಲ್ಲೂ ಕೆಂಪು ಇರಲಿಲ್ಲ, ಅಷ್ಟು ದೂರದಿಂದಲೂ ನನಗೆ ಕಾಣಿಸಿತು. ಒಂಬತ್ತು ವರ್ಷದ ಕಣ್ಣು ಇದು.

ಭಾವ ಇನ್ನೂ ಕಾಲು ಇಳಿಸಿರಲಿಲ್ಲ. ನನ್ನ ಭುಜವನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದಿದ್ದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ನಾನು ಒತ್ತಲಿಲ್ಲ," ಎಂದರು. "ನೋಡಿದ್ಯಾ? ನಾನು ಒತ್ತಲಿಲ್ಲ."

ಇಲ್ಲಿ ಒತ್ತುವುದಕ್ಕೆ ಪೆಡಲಾದರೂ ಎಲ್ಲಿದೆ ಭಾವ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಂದದ್ದು ನನಗೆ ಗೊತ್ತಾಯಿತು. ಹಾಗೇ ನುಂಗಿಕೊಂಡೆ.

"ನೋಡಿದೆ ಭಾವ," ಎಂದೆ. "ನೀವು ಒತ್ತಲಿಲ್ಲ."